ಮೆತ್ತಗಿಲ್ಲದ ಚೆಂಡು ಮತ್ತು ನನ್ನ ಕೋಚಿಂಗು

ಮೂರು ವಾರ ನನ್ನ ತಲೆಯಲ್ಲಿ ಒಂದು ಅರ್ಧ ಹಲ್ಲು ಕೂತಿತ್ತು. ಮಗಳ ಮುಂದಿನ ಹಲ್ಲಿನ ಅರ್ಧ. ಉಳಿದರ್ಧ ಅವಳ ಬಾಯಲ್ಲೇ ಇದೆ, ಅದರ ಮೇಲೆ ನನ್ನ ತಕರಾರಿಲ್ಲ. ಹೋದ ಅರ್ಧ ಮೈದಾನದ ಹುಲ್ಲಿನಲ್ಲಿ ಎಲ್ಲೋ ಬಿದ್ದುಹೋಯಿತು. ಹಾಲುಹಲ್ಲಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಇದು ಹುಟ್ಟಿ ಎರಡು ವರ್ಷವೂ ಆಗದ, ಮುದುಕಿಯಾಗುವ ತನಕ ಬಾಳಬೇಕಾದ ಹಲ್ಲು. ದಂತವೈದ್ಯರು ಅಂಚು ಉಜ್ಜಿ ನಯ ಮಾಡಿ, "ದೊಡ್ಡವಳಾಗಲಿ, ಕ್ಯಾಪ್ ಹಾಕೋಣ" ಎಂದು ನಗುನಗುತ್ತಾ ಕಳಿಸಿದರು. ಅವರಿಗೇನು, ನಗಲು ಪೂರ್ತಿ ಹಲ್ಲಿದೆ. ನಾನು ಮಾತ್ರ ದಿನಾ ಬೆಳಿಗ್ಗೆ ಟಾರ್ಚು ಹಿಡಿದು ಮಗಳ ಬಾಯಿಯ ತಪಾಸಣೆ ನಡೆಸುತ್ತಿದ್ದೆ.

ನಾನು ಹುಟ್ಟಿನಿಂದಲೇ ಚಿಂತೆ ಹಚ್ಚಿಕೊಳ್ಳುವವಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವರದಿ ಟೈಪು ಮಾಡುವುದು ನನ್ನ ಕೆಲಸ. ಮೂವತ್ತು ಜನರ ವರದಿ ಮುಗಿಸಿ ಮನೆ ಸೇರುವಷ್ಟರಲ್ಲಿ ಮೂವತ್ತು ಕಾಯಿಲೆಯೂ ನನಗೇ ಇರುತ್ತವೆ. ಆದರೆ ಈ ಹಲ್ಲಿನ ಚಿಂತೆಯ ಹಿಂದೆ ಇನ್ನೊಂದು ಅಡಗಿತ್ತು. ಅದರ ಮೇಲೆ ಟಾರ್ಚು ಬಿಡುವ ಧೈರ್ಯ ನನಗಿರಲಿಲ್ಲ. ಹಲ್ಲು ಮುರಿದ ಸಂಜೆ ನಾನು ಮಾವನಿಗೆ ಆಡಿದ ಮಾತು ಅದು.

ಮಾವ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಎಂಟು ತಿಂಗಳು ಅವರು ಬೆಳಿಗ್ಗೆ ಎದ್ದು, ಶೂ ಹಾಕಿ, ಲೇಸು ಬಿಗಿದು, ಹಾಲ್‌ನಲ್ಲಿ ಕೂರುತ್ತಿದ್ದರು. ಎಲ್ಲಿಗೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದಾಗ ಶೂ ಬಿಚ್ಚುತ್ತಿದ್ದರು. ಆಮೇಲೊಂದು ಸಂಜೆ ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ನಾಲ್ಕು ಹುಡುಗಿಯರು ಚೆಂಡನ್ನು ತಪ್ಪಾಗಿ ಎಸೆಯುವುದು ಕಣ್ಣಿಗೆ ಬಿತ್ತು. ತಪ್ಪು ಎಸೆತ ನೋಡಿಕೊಂಡು ಸುಮ್ಮನಿರುವುದು ಆ ಜೀವಕ್ಕೆ ಗೊತ್ತಿಲ್ಲ. ಆರು ತಿಂಗಳಲ್ಲಿ ನಾಲ್ವರು ಹನ್ನೆರಡಾದರು. ಹನ್ನೆರಡನೆಯವಳು ನನ್ನ ಮಗಳು.

ಆಟದ ಹೆಸರು ಸಾಫ್ಟ್‌ಬಾಲ್. ಹೆಸರಿಟ್ಟವರಿಗೆ ಹಾಸ್ಯ ಪ್ರಜ್ಞೆ ಜಾಸ್ತಿಯಿತ್ತೋ ಕೈಬೆರಳೇ ಇರಲಿಲ್ಲವೋ ತಿಳಿಯದು. ದೊಡ್ಡ ಕಿತ್ತಳೆಯ ಗಾತ್ರ, ಬಿಗಿದು ತುಂಬಿದ ಹೊಟ್ಟೆ, ಮೇಲೆ ತೊಗಲು, ದಪ್ಪ ಹೊಲಿಗೆ. ನಾನು ಮೊದಲ ದಿನವೇ ಗೆಣ್ಣಿನಿಂದ ತಟ್ಟಿ ನೋಡಿದೆ. ಬಾಗಿಲು ಬಡಿದಂತೆ ಸದ್ದು ಬಂತು.

"ಮಾವ, ಇದು ಗಟ್ಟಿಯಾಗಿದೆ," ಎಂದೆ.

"ಇರಲೇಬೇಕಲ್ಲಮ್ಮ, ಆಡೋ ಚೆಂಡು. ಮೊದಲ ತಿಂಗಳು ನಾನು ಚೆಂಡೇ ಕೊಡಲ್ಲ. ನಿಲ್ಲೋದು ಕಲೀಬೇಕು, ಮಂಡಿ ಬಗ್ಗಿಸೋದು ಕಲೀಬೇಕು. ಕೈ ಆಮೇಲೆ."

ನಿಜಕ್ಕೂ ಒಂದು ತಿಂಗಳು ಆ ಹುಡುಗಿಯರು ಕಾಣದ ಚೆಂಡನ್ನು ಹಿಡಿದು, ಕಾಣದ ಚೆಂಡನ್ನು ಎಸೆದರು. ದಾರಿಹೋಕರು ನಿಂತು ನೋಡಿ ಮರುಕಪಟ್ಟು ಹೋಗುತ್ತಿದ್ದರು. ಮಾವ ಒಬ್ಬೊಬ್ಬಳಿಗೆ ಒಂದೊಂದು ಹೆಸರಿಟ್ಟರು. ಎಸೆದರೆ ನೇರ ಕೈಗೆ ತಲುಪಿಸುವವಳು ಪೋಸ್ಟಮ್ಮ. ಚೆಂಡು ಕಂಡರೆ ನಿಂತಲ್ಲೇ ಹೆಪ್ಪುಗಟ್ಟುವವಳು ಫ್ರಿಜ್ಜು. ನನ್ನ ಮಗಳು ಗುಬ್ಬಿ. ಅಷ್ಟರಲ್ಲಿ ಮಾವನ ಗಂಟಲು ಮರಳಿ ಬಂತು, ಹಸಿವು ಮರಳಿ ಬಂತು. ಶೂ ಹಾಕಿದವರು ಹೊರಗೆ ಹೋಗತೊಡಗಿದರು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಆ ಮಾತು ಆಡಿದೆ.

ಆ ಸಂಜೆ ಮಾವ ಮಗಳನ್ನು ಎತ್ತಿಕೊಂಡೇ ಮನೆಗೆ ಬಂದರು. ಹತ್ತು ವರ್ಷದವಳು, ಕಾಲು ನೆಲಕ್ಕೆ ತಾಗುವಷ್ಟು ಉದ್ದ. ಅವರ ಬಿಳಿ ಅಂಗಿಯ ಭುಜವೆಲ್ಲ ರಕ್ತ. ನನಗೆ ಹಲ್ಲಿಗಿಂತ ಮೊದಲು ಕಂಡದ್ದು ಆ ಅಂಗಿ.

"ತುಟಿ ಒಡೆದಿದೆ, ಹಲ್ಲು ಸ್ವಲ್ಪ..." ಎಂದು ಮಾವ ಶುರು ಮಾಡಿದರು.

"ನಿಮಗೆ ನಿಮ್ಮ ಮೈದಾನ ಇದ್ರೆ ಸಾಕು," ಎಂದೆ. "ಮನೆಯವರು ಏನಾದ್ರೂ ಆಗ್ಲಿ. ಅತ್ತೆ ಬಚ್ಚಲಲ್ಲಿ ಬಿದ್ದಾಗ್ಲೂ ನೀವು ಯಾವುದೋ ಮೈದಾನದಲ್ಲೇ ಇದ್ರಿ."

ಮಾತು ಬಾಯಿಂದ ಹೊರಟದ್ದು ನನಗೂ ಕೇಳಿಸಿತು. ಎಸೆದ ಮೇಲೆ ಅದರ ಹಿಂದೆ ಓಡಿದರೇನು ಬಂತು.

"ಹೌದಮ್ಮ," ಎಂದರು ಮಾವ. ಅಷ್ಟೇ. ಮರುದಿನ ಬೆಳಿಗ್ಗೆ, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಬೇರೆ ಊರಿನಲ್ಲಿರುವ ನಾದಿನಿಯ ಮನೆಗೆ ಹೊರಟರು. ಬ್ಯಾಟು, ಗ್ಲೌಸು, ಹೆಲ್ಮೆಟ್ಟುಗಳ ಚೀಲ ಹಾಲ್‌ನಲ್ಲೇ ಉಳಿಯಿತು. ಬಟ್ಟೆಯ ಚೀಲ ಚಿಕ್ಕದು, ಆಟದ ಚೀಲ ದೊಡ್ಡದು. ಯಾವುದನ್ನು ಬಿಟ್ಟು ಹೋದರು ಎಂಬುದು ಬಾಗಿಲು ದಾಟುವಾಗಲೆಲ್ಲ ನನ್ನ ಕಾಲಿಗೆ ತಗುಲಿ ತಿಳಿಯುತ್ತಿತ್ತು.

ನನ್ನ ಗಂಡ ಲಿಫ್ಟ್ ರಿಪೇರಿಯವರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದು ಅವರ ಉದ್ಯೋಗ. ಮನೆಯಲ್ಲಿ ಅವರೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರು.

"ಅಪ್ಪಂಗೆ ಒಂದು ಫೋನ್ ಮಾಡು. ಎರಡು ನಿಮಿಷದ ಕೆಲಸ," ಎಂದರು.

"ತಪ್ಪು ಯಾರದು ಅಂತ ಹೇಳಿ ಮೊದಲು."

"ನಾನು ಆ ಮಹಡಿಗೆ ಹೋಗಲ್ಲ ಕಣೇ."

"ಹೋಗ್ಲಿ, ಹಲ್ಲು ಯಾರದು ಅಂತನಾದ್ರೂ ಹೇಳಿ."

"ಹಲ್ಲು ಗುಬ್ಬೀದು. ಮಾತು ನಿಂದು," ಎಂದು ಹೇಳಿ ಸ್ಕ್ರೂಡ್ರೈವರು ತೆಗೆದುಕೊಂಡು ಯಾವುದೋ ಕಟ್ಟಡಕ್ಕೆ ಓಡಿಹೋದರು. (ಅಲ್ಲಿ ಲಿಫ್ಟ್ ಕೆಟ್ಟಿತ್ತೋ ಇಲ್ಲವೋ, ನಾನು ವಿಚಾರಿಸಲಿಲ್ಲ.)

ಮೂರನೆಯ ಸಂಜೆ ಗೇಟಿನ ಬಳಿ ಹನ್ನೊಂದು ಹುಡುಗಿಯರು ನಿಂತಿದ್ದರು. ಯಾರೂ ಗೇಟು ತೆಗೆಯಲಿಲ್ಲ, ಕೂಗಲಿಲ್ಲ.

"ತಾತ ಯಾವಾಗ ಬರ್ತಾರೆ ಆಂಟಿ?" ಎಂದಳು ಪೋಸ್ಟಮ್ಮ. "ಮುಂದಿನ ತಿಂಗಳು ಪಂದ್ಯಾವಳಿ ಇದೆ. ಹೆಸರು ಕೊಟ್ಟಾಗಿದೆ."

"ನಾವೇನಾದ್ರೂ ತಪ್ಪು ಮಾಡಿದ್ವಾ?" ಎಂದಳು ಫ್ರಿಜ್ಜು.

ಆ ಕ್ಷಣದಲ್ಲಿ ನನ್ನ ಮೆದುಳಿನಲ್ಲಿ ಒಂದು ದಿವ್ಯ ಯೋಚನೆ ಪ್ರಜ್ವಲಿಸಿತು. ಮಾವನನ್ನು ಕರೆಯುವುದಕ್ಕಿಂತ ಮಾವನ ಕೆಲಸವನ್ನೇ ಮಾಡಿಬಿಡುವುದು ಸುಲಭ.

"ನಾಳೆಯಿಂದ ನಾನು ಹೇಳಿಕೊಡ್ತೀನಿ," ಎಂದುಬಿಟ್ಟೆ.

ಅಂದು ಊಟದ ಹೊತ್ತಿನಲ್ಲಿ ಗಂಡನ ತುತ್ತು ಅರ್ಧದಾರಿಯಲ್ಲಿ ನಿಂತಿತು. "ನೀನಾ? ಮದುವೆ ಹೊಸದರಲ್ಲಿ ನಾನು ಬೀಗದ ಕೈ ಎಸೆದಾಗ ಸೋಫಾ ಹಿಂದೆ ಹೋಗಿ ಕೂತವಳು ನೀನೇ ಅಲ್ವಾ?"

"ಅದಕ್ಕೇ. ಅಪಾಯ ಏನು ಅಂತ ಗೊತ್ತಿರೋರೇ ಕಲಿಸಬೇಕು."

ಮಗಳು ತಟ್ಟೆ ನೋಡುತ್ತಾ, "ನಾನು ಆಡ್ಬಹುದಾ?" ಎಂದಳು.

"ನೀನು ಸ್ಕೋರು ಬರಿ. ಹೆಲ್ಮೆಟ್ ಹಾಕ್ಕೊಂಡು."

ಅವಳು ವಾದಿಸಲಿಲ್ಲ. ಮಕ್ಕಳು ವಾದಿಸದಿದ್ದರೆ ನನಗೆ ಇನ್ನೊಂದು ಚಿಂತೆ ಶುರುವಾಗುತ್ತದೆ.

ನಾನು ಸುಮ್ಮನೆ ಕೆಲಸಕ್ಕಿಳಿಯುವವಳಲ್ಲ. ವಿಡಿಯೊಗಳನ್ನು ನೋಡಿದೆ. ಲ್ಯಾಬಿನ ಪ್ರಿಂಟರಿನಲ್ಲಿ 'ಸುರಕ್ಷತಾ ಸಂಹಿತೆ' ಎಂಬ ಹನ್ನೊಂದು ಕಲಮುಗಳ ಶಾಸನವನ್ನು ಅಚ್ಚುಹಾಕಿಸಿ ಎಲ್ಲರಿಗೂ ಹಂಚಿದೆ. ಮೊದಲನೆಯ ಕಲಮು: 'ಚೆಂಡು ಮುಖದತ್ತ ಬಂದಲ್ಲಿ ಆಟಗಾರ್ತಿಯು ಕೂಡಲೇ ಕಣ್ಣು ಮುಚ್ಚಿ, ಮುಖ ತಿರುಗಿಸಿ, ತನ್ನನ್ನು ತಾನು ಸಂರಕ್ಷಿಸಿಕೊಳ್ಳತಕ್ಕದ್ದು.' ಇದು ಯಾವ ವಿಡಿಯೊದಲ್ಲೂ ಇರಲಿಲ್ಲ, ನನ್ನ ಸ್ವಂತ ಸಂಶೋಧನೆ. ಮಗಳು ತಂಡ ಸೇರಿದ ದಿನದಿಂದ ಜಡೆ ಹೆಣೆಯುವಾಗ ಅವಳ ಕಿವಿಯಲ್ಲಿ ಗುಟ್ಟಾಗಿ ಊದಿದ್ದೂ ಇದನ್ನೇ.

ಪೋಸ್ಟಮ್ಮ ಕಾಗದ ಓದಿ ತಲೆ ಕೆರೆದುಕೊಂಡಳು. "ತಾತ ಬೇರೆ ಹೇಳಿದ್ರು ಆಂಟಿ. ಚೆಂಡು ಗ್ಲೌಸ್ ಒಳಗೆ ಹೋಗೋವರೆಗೂ ನೋಡ್ತಾ ಇರ್ಬೇಕು ಅಂತ."

"ತಾತ ಹೇಳಿದ್ದರಿಂದ ಏನಾಯ್ತು ಅಂತ ಗುಬ್ಬಿ ಬಾಯಿ ನೋಡು."

ಹನ್ನೊಂದೂ ಹುಡುಗಿಯರು ಗುಬ್ಬಿಯ ಬಾಯಿ ನೋಡಿದರು. ಗುಬ್ಬಿ ಬಾಯಿ ಮುಚ್ಚಿಕೊಂಡಳು.

ಕೈ ಮೃದುವಾಗಲಿ ಎಂದು ಮಾವ ಹಸಿ ಮೊಟ್ಟೆ ಎಸೆದು ಹಿಡಿಸುತ್ತಿದ್ದರಂತೆ. ಚೆಂಡನ್ನು ತಡೆಯಬಾರದು, ಬರಮಾಡಿಕೊಳ್ಳಬೇಕು, ಕೈ ಹಿಂದಕ್ಕೆ ಎಳೆದುಕೊಂಡು ಹಿಡಿದರೆ ಮೊಟ್ಟೆ ಒಡೆಯುವುದಿಲ್ಲ ಎಂಬುದು ಅದರ ತತ್ವ. ಒಳ್ಳೆಯ ತತ್ವವೇ. ಆದರೆ ಒಡೆದ ಮೊಟ್ಟೆಯ ಮೇಲೆ ಯಾರಾದರೂ ಜಾರಿ ಬಿದ್ದರೆ? ನಾನು ಎರಡು ಡಜನ್ ಬೇಯಿಸಿಕೊಂಡು ಹೋದೆ. ಯಾರ ಕೈಯೂ ಮೃದುವಾಗಲಿಲ್ಲ. ಅಭ್ಯಾಸ ಹತ್ತೇ ನಿಮಿಷಕ್ಕೆ ಮುಗಿಯಿತು. ಫ್ರಿಜ್ಜು, "ಉಪ್ಪು ತಂದಿದೀರಾ ಆಂಟಿ?" ಎಂದಳು.

ಆಮೇಲೆ ಚೆಂಡನ್ನೇ ಬದಲಿಸಿದೆ. ಗಂಡನ ಕಾಲುಚೀಲಗಳನ್ನು ಉಂಡೆ ಕಟ್ಟಿ ಎಸೆಸಿದೆ. ಮೊಣಕೈ ಭುಜದ ಮಟ್ಟಕ್ಕೆ, ಎಡಗಾಲು ಮುಂದೆ, ಗುರಿಯತ್ತ ಹೆಜ್ಜೆ ಎಂದು ಕೂಗಿದೆ. ಉಂಡೆಗಳು ಗಾಳಿಯಲ್ಲೇ ಬಿಚ್ಚಿಕೊಂಡು ಒಂಟಿ ಕಾಲುಚೀಲಗಳಾಗಿ ಇಳಿದವು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಪ್ರಕಾರ ಅದು ಅಮೋಘ ಯಶಸ್ಸು. ಗಂಡ ಮಾತ್ರ ಒಂದು ವಾರ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಂದು ಹಾಕಿಕೊಂಡು ಲಿಫ್ಟ್ ರಿಪೇರಿಗೆ ಹೋದರು.

ನಾದಿನಿ ಒಂದು ದಿನ ಫೋನು ಮಾಡಿದಳು. ನಾನೇ ಎತ್ತಿದೆ.

"ಮಾವ ಹೇಗಿದಾರೆ?" ಎಂದೆ, ಹವಾಮಾನ ವಿಚಾರಿಸುವವಳ ಧ್ವನಿಯಲ್ಲಿ.

"ಇದಾರೆ ಅತ್ತಿಗೆ. ಊಟ ಮಾಡ್ತಾರೆ. ಕರೆದ್ರೆ ಬರ್ತಾರೆ. ಬೆಳಿಗ್ಗೆ ಎದ್ದು ಶೂ ಹಾಕ್ಕೊಂಡು ಸೋಫಾ ಮೇಲೆ ಕೂತ್ಕೋತಾರೆ. ಎಲ್ಲಿಗೆ ಹೊರಟ್ರಿ ಅಪ್ಪ ಅಂದ್ರೆ ಎಲ್ಲಿಗೂ ಇಲ್ಲ ಅಂತಾರೆ. ಕೊಡ್ಲಾ ಅವರಿಗೆ?"

"ಈಗ ಬೇಡ, ಹಾಲು ಇಟ್ಟಿದೀನಿ," ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ದಿನಕ್ಕೆ ನಾಲ್ಕು ಸಲ ಫೋನು ಕೈಗೆ ತೆಗೆದುಕೊಂಡು ಮಾವನ ಹೆಸರಿನ ತನಕ ಹೋಗಿ ವಾಪಸು ಬರುತ್ತಿದ್ದೆ. ನಾನು ಅತ್ತಿದ್ದರೆ ಚೆನ್ನಾಗಿತ್ತು. ಸಿಟ್ಟೇ ಬರುತ್ತಿತ್ತು. ಹಲ್ಲು ಮುರಿಸಿದವರು ಅವರು, ಮೊದಲು ಫೋನು ಮಾಡಬೇಕಾದವರೂ ಅವರೇ ಅಲ್ಲವೇ?

ಮೂರನೆಯ ವಾರದ ಕೊನೆಗೆ, ರೈಲು ಹಳಿಯ ಆಚೆ ಬದಿಯ ತಂಡವೊಂದು ನಮ್ಮ ಜೊತೆ ಅಭ್ಯಾಸ ಪಂದ್ಯವಾಡಲು ಬಂತು. ಅವರ ಕೋಚ್ ಒಬ್ಬಳು ಯುವತಿ, ಕೊರಳಲ್ಲಿ ಸೀಟಿ. ನನ್ನ ಕೊರಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಪಂದ್ಯದಲ್ಲಿ ನಿಜವಾದ ಚೆಂಡೇ ಬೇಕೆಂದು ಅವಳು ಹಟ ಹಿಡಿದಳು. ನಾನು ಕಾಲುಚೀಲದ ಪ್ರಸ್ತಾಪವಿಟ್ಟಾಗ ತಮಾಷೆ ಎಂದುಕೊಂಡು ನಕ್ಕಳು.

ಅವರ ಮೊದಲ ಹುಡುಗಿ ಬ್ಯಾಟು ಬೀಸಿದಳು. ಚೆಂಡು ಮೇಲೆದ್ದು ನಮ್ಮವರತ್ತ ಬಂತು. ನನ್ನ ಒಂಬತ್ತು ಆಟಗಾರ್ತಿಯರು ಒಟ್ಟಿಗೆ, ಪರೇಡಿನಲ್ಲಿ ಆಜ್ಞೆಯಾದಂತೆ, ಕಣ್ಣು ಮುಚ್ಚಿ ಮುಖವನ್ನು ಬಲಕ್ಕೆ ತಿರುಗಿಸಿದರು. ಚೆಂಡು ಅವರ ನಡುವೆ ಬಿದ್ದು, ಎರಡು ಸಲ ಪುಟಿದು, ಬೇಲಿಯ ತನಕ ಹೋಗಿ ನಿಂತಿತು. ಹುಡುಗಿ ಮೈದಾನದ ನಾಲ್ಕು ಮೂಲೆಯ ಬೇಸುಗಳನ್ನೂ ಮುಟ್ಟಿ ಸುತ್ತಿ ಬಂದು ನೀರು ಕುಡಿಯುವಷ್ಟು ಹೊತ್ತಾದರೂ ಯಾರೂ ಕಣ್ಣು ಬಿಡಲಿಲ್ಲ. ಪಂದ್ಯ ಮುಗಿದಾಗ ಅವರದು ಇಪ್ಪತ್ತೇಳು, ನಮ್ಮದು ಒಂದು. ಆ ಒಂದೂ ಚೆಂಡು ಎಸೆಯುವ ಅವರ ಪಿಚರಿಗೆ ಸೀನು ಬಂದದ್ದರಿಂದ.

ಕೊನೆಯ ಹೊಡೆತದ ಚೆಂಡು ಪೋಸ್ಟಮ್ಮನ ಹೆಗಲಿಗೆ ಬಿತ್ತು. ನಾನು ಪೆಟ್ಟಿಗೆ ಹಿಡಿದು ಓಡಿದೆ. ಮೂಳೆಗೇನೂ ಆಗಿರಲಿಲ್ಲ. ಆದರೂ ಅವಳು ಬಿಕ್ಕುತ್ತಿದ್ದಳು.

"ತುಂಬ ನೋವಾ ಪುಟ್ಟಾ?"

"ನೋವಿಲ್ಲ. ನೋಡಿದ್ರೆ ಹಿಡೀತಿದ್ದೆ ಆಂಟಿ. ನನಗೆ ಅದು ಬರುತ್ತೆ."

ಸೀಟಿಯ ಯುವತಿ ಐಸು ತಂದುಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಮೇಡಂ, ಬೇಜಾರು ಮಾಡ್ಕೋಬೇಡಿ. ಕಾಲು ಇಡೋದು, ಮಂಡಿ ಬಗ್ಗಿಸೋದು, ಮೊಣಕೈ, ಎಲ್ಲ ಎಷ್ಟು ಚೆನ್ನಾಗಿದೆ. ಯಾರೋ ಬಹಳ ಕಷ್ಟಪಟ್ಟು ಕಲಿಸಿದಾರೆ. ಆದ್ರೆ ಈ ಮುಖ ತಿರುಗಿಸೋದು ಯಾರು ಹೇಳಿಕೊಟ್ಟಿದ್ದು? ಏಟು ಬೀಳೋದೇ ನೋಡದೇ ಇರೋರಿಗೆ. ನೋಡ್ತಾ ಇದ್ರೆ ಕೈ ತಾನಾಗೇ ಅಡ್ಡ ಬರುತ್ತೆ."

ಅವರ ತಂಡ ಹೊರಟುಹೋಯಿತು. ನಾನು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡ ಗುಬ್ಬಿ ಸ್ಕೋರಿನ ಹಾಳೆ ಮಡಚುತ್ತಿದ್ದಳು.

"ನಂಗೂ ಹಂಗೇ ಆಗಿದ್ದು," ಎಂದಳು.

"ಏನು?"

"ಹಲ್ಲು. ಚೆಂಡು ಬಂತು, ನಾನು ಕಣ್ಣು ಮುಚ್ಕೊಂಡೆ. ನೀನು ಹೇಳಿದ್ದೆ ಅಲ್ವಾ, ಜಡೆ ಹಾಕುವಾಗ."

ನಾನು ಕೊರಳಿನ ಪೆಟ್ಟಿಗೆ ತೆಗೆದು ಕೆಳಗಿಟ್ಟೆ.

"ತಾತಂಗೆ ಗೊತ್ತಾ ಇದು?"

"ಅವತ್ತೇ ಹೇಳ್ದೆ. ಮನೆಗೆ ಎತ್ಕೊಂಡು ಬರ್ತಿದ್ರಲ್ಲ, ಆಗ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ತಾತ ಬೇಡ ಅಂದ್ರು. ನಿಮ್ಮಮ್ಮಂಗೆ ತನ್ನದೇ ತಪ್ಪು ಅಂತ ಗೊತ್ತಾದ್ರೆ ಊಟ ಬಿಟ್ಬಿಡ್ತಾಳೆ. ನನ್ನ ಮೇಲೆ ಸಿಟ್ಟಿದ್ರೆ ಊಟನಾದ್ರೂ ಮಾಡ್ತಾಳೆ ಅಂದ್ರು."

ನಿಜ. ಮೂರು ವಾರ ನಾನು ಎರಡು ಹೊತ್ತೂ ಹೊಟ್ಟೆ ತುಂಬ ಉಂಡಿದ್ದೆ. ಸಿಟ್ಟಿಗೆ ಹಸಿವು ಜಾಸ್ತಿ. ರವಿಕೆ ಬಿಗಿಯಾಗಿತ್ತು ಕೂಡ. ಅಲ್ಲಿ ಒಬ್ಬರು ನನ್ನ ತಪ್ಪನ್ನು ತಮ್ಮ ಚಿಕ್ಕ ಚೀಲದಲ್ಲಿ ಬಟ್ಟೆಯ ಜೊತೆ ಮಡಚಿಟ್ಟುಕೊಂಡು ಹೋಗಿ, ಬೆಳಿಗ್ಗೆ ಶೂ ಹಾಕಿಕೊಂಡು ಕೂರುತ್ತಿದ್ದರು.

ಹುಡುಗಿಯರು ಅಷ್ಟು ದೂರದಲ್ಲಿ ಗ್ಲೌಸು ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ನಾನು ಫೋನು ತೆಗೆದೆ. ಈ ಸಲ ಮಾವನ ಹೆಸರಿನ ತನಕ ಹೋದ ಬೆರಳು ವಾಪಸು ಬರಲಿಲ್ಲ. ಹೇಳಬೇಕಾದ ಭಾಷಣವನ್ನು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ. ಎರಡನೆಯ ರಿಂಗಿಗೇ ಎತ್ತಿದರು.

"ಯಾರಿಗೆ ಪೆಟ್ಟಾಯ್ತಮ್ಮ?"

ಭಾಷಣವೆಲ್ಲ ಮರೆತುಹೋಯಿತು. "ಮಾವ, ಗುಬ್ಬಿ ಹೇಳಿದ್ಲು. ಹಲ್ಲು... ನಾನೇ ಕಣ್ಣು ಮುಚ್ಕೋ ಅಂದಿದ್ದೆ."

"ಹೂಂ."

"ಅವತ್ತು ಅತ್ತೆ ವಿಷಯ ನಾನು... ಹಾಗೆ ಹೇಳಬಾರದಿತ್ತು."

"ಅದು ನಿನ್ನ ಮಾತಲ್ಲಮ್ಮ," ಎಂದರು ಮಾವ. "ಒಂದೂವರೆ ವರ್ಷದಿಂದ ನಾನೇ ದಿನಾ ಹೇಳ್ಕೋತಿದ್ದೆ. ನೀನು ಜೋರಾಗಿ ಹೇಳಿದೆ, ಅಷ್ಟೇ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಎಲ್ಲಿದೀಯಾ ಈಗ?" ಎಂದರು.

"ಮೈದಾನದಲ್ಲಿ."

"ಮಕ್ಕಳು?"

"ಇದಾರೆ. ಮಾವ, ಎಲ್ಲರಿಗೂ ಅದನ್ನೇ ಕಲಿಸಿಬಿಟ್ಟೆ. ಹನ್ನೊಂದು ಜನಕ್ಕೂ."

"ಅಯ್ಯೋ," ಎಂದರು. ಮಾವನಿಂದ ಅಂಥ ಉದ್ಗಾರ ನಾನು ಕೇಳಿರಲಿಲ್ಲ. ನನ್ನ ಕ್ಷಮಾಪಣೆಗಿಂತ ಅದೇ ಅವರನ್ನು ಹೆಚ್ಚು ಅಲುಗಾಡಿಸಿದಂತಿತ್ತು. "ಫೋನು ಜೋರಾಗಿ ಕೇಳೋ ಹಾಗೆ ಮಾಡಿ ಬೆಂಚಿನ ಮೇಲಿಡು. ಗುಬ್ಬಿ ಇದಾಳಾ?"

"ಇದೀನಿ ತಾತ."

"ಹೆಲ್ಮೆಟ್ ತೆಗಿ. ಅದನ್ನ ನಿಮ್ಮಮ್ಮಂಗೆ ಹಾಕು. ಎಡಗೈಗೆ ಗ್ಲೌಸು ಕೊಡು. ಹತ್ತು ಹೆಜ್ಜೆ ದೂರ ನಿಲ್ಲಿಸು."

"ಮಾವ, ನಾನಾ?" ಎಂದೆ.

"ನೀನೇ. ಇವರು ಎಲ್ಲಿಂದ ಕಲಿತ್ರೋ ಅಲ್ಲಿಂದಲೇ ಶುರು ಮಾಡ್ಬೇಕು. ಮಂಡಿ ಬಗ್ಗಿಸು. ಗ್ಲೌಸು ಎದೆ ಮುಂದೆ. ಚೆಂಡು ಗುಬ್ಬಿ ಕೈ ಬಿಟ್ಟಾಗಿಂದ ನಿನ್ನ ಕೈಗೆ ಬರೋವರೆಗೂ ನೋಡ್ತಾ ಇರು."

ಹುಡುಗಿಯರೆಲ್ಲ ಸುತ್ತ ಬಂದು ನಿಂತರು. ಎದುರಿಗೆ ನನ್ನ ಮಗಳು, ಎಡಗಾಲು ಮುಂದೆ, ಮೊಣಕೈ ಭುಜದ ಮಟ್ಟಕ್ಕೆ. ಮೂರು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟು ನಗುತ್ತಿದ್ದಳು, ಅರ್ಧ ಹಲ್ಲು ಕಾಣುವಂತೆ. ಚೆಂಡು ಅವಳ ಕೈ ಬಿಟ್ಟಿತು. ಏನೋ ಗ್ಲೌಸಿನಂಚಿಗೆ ಬಡಿದು ಕೆಳಗೆ ಬಿತ್ತು.

"ಕಣ್ಣು ಮುಚ್ಚಿದೆಯಾ?" ಎಂದಿತು ಬೆಂಚು.

"ಇಲ್ಲ ಮಾವ," ಎಂದೆ.

"ಮುಚ್ಚಿದ್ಲು ತಾತ," ಎಂದಳು ಮಗಳು.

"ಮುಚ್ಚಿದ್ರು ತಾತ," ಎಂದರು ಹನ್ನೊಂದು ಜನ.

ಫೋನಿನಲ್ಲಿ ನಾದಿನಿ, "ಅಪ್ಪ, ಕಾಫಿ ಆರಿಹೋಗ್ತಿದೆ," ಎಂದದ್ದು ಕೇಳಿಸಿತು.

"ಇನ್ನೊಂದು ಹಾಕು ಗುಬ್ಬಿ," ಎಂದರು ಮಾವ.